ಟಾಕಿ ಮ್ಯಾಲಿನ ಟೊಂಗಿಗೆ ಬಿಳಿ ನೊರಿ ಮುದ್ದಿ ಜೋತು ಬಿದ್ದೈತಿ, ತಗೀಲೋ ಬಿಡ್ಲೋ?

ಜಾಂಬೋಟಿ_ತ್ವಾಟ
ನಮಸ್ಕಾರ್ರಿ ಎಲ್ಲಾರಿಗೂ. ಬೆಳಗಾವಿ ಜಿಲ್ಲಾ ಖಾನಾಪುರ ತಾಲೂಕಿನ್ಯಾಗ, ಜಾಂಬೋಟಿ ದಾಟಿ ಕಣಕುಂಬಿ ಕಡೆ ಹೋಗೋ ರಸ್ತೆ ಬಾಜೂಕ ಗೇರು ತ್ವಾಟ ಐತಿ. ಅಲ್ಲೇ ನೆಲದಾಗ ಕಟ್ಟಿಸಿದ ಸಿಮೆಂಟ್ ಟಾಕಿ, 12 ಫೂಟು ಉದ್ದ, 8 ಅಗಲ, 5 ಆಳ, ಮ್ಯಾಲ ಮುಚ್ಚಳಿಲ್ಲ. ಟಾಕಿ ಮ್ಯಾಲ ಚಾಚಿದ ಹಲಸಿನ ಟೊಂಗಿಗೆ ಒಂದು ಬೊಗಸಿ ತುಂಬೋವಷ್ಟು ಬಿಳಿ ನೊರಿ ಅಂಟೈತಿ. ನೀರಿಂದ ಆಳೆತ್ತರ. ಎರಡ್ಮೂರು ಎಲಿ ಅದಕ್ಕ ಸುತ್ತಿಕೊಂಡಾವ. ಮೂರು ದಿನ ಆತು, ಇಂಥಾ ಆರಿದ್ರಾ ಮಳ್ಯಾಗೂ ಕರಗಿಲ್ಲ. ಆಳುಗೋಳು ವಿಷ ಅಂತಾರ, ಕೆಳಗಿನ ನೀರು ಮುಟ್ಟಾಕ ಒಲ್ಲರು. ಇದೇ ವಾರ ಬ್ಲೀಚಿಂಗ್ ಪೌಡರ್ ಹಾಕಿ ಟಾಕಿ ತೊಳಿಬೇಕಂತ ಇತ್ತು. ಏನು ಮಾಡೂದು?

ಖಾನಾಪುರದಾಂವ
ತೊಳೀಬ್ಯಾಡ್ರಿ!! ಅದು ಕಪ್ಪಿ ಗೂಡು.

ಗೋಕಾಕ_ಕರದಂಟು
ಕಪ್ಪಿ ಗಿಡದ ಮ್ಯಾಲ ಯಾಕ ಗೂಡು ಕಟ್ಟತೈತ್ರಿ? ಅದು ಉಗುಳುಹುಳ ಇರಬೇಕು. ಹುಲ್ಲಿನ ಮ್ಯಾಲೂ ಹಿಂಗ ಎಂಜಲ ಉಗುಳಿದಂಗ ಕಾಣತೈತಿ.

ಪ್ರಾಣಿಶಾಸ್ತ್ರ_ಮಾಸ್ತರ
ಉಗುಳುಹುಳದ ನೊರೆ ಉಗುರಿನಷ್ಟು ಇರುತ್ತದೆ, ಹೆಚ್ಚೆಂದರೆ ಹೆಬ್ಬೆರಳಿನಷ್ಟು. ಕಡ್ಡಿಯಿಂದ ಸರಿಸಿದರೆ ಒಳಗೆ ಒಂದು ಹಸಿರು ಮರಿಹುಳ ಕೂತಿರುತ್ತದೆ. ನೀರಿನ ಮೇಲೇ ಕಟ್ಟಬೇಕೆಂಬ ಹಟ ಅದಕ್ಕಿಲ್ಲ. ಬೊಗಸೆ ಗಾತ್ರ, ಸರಿಯಾಗಿ ನೀರಿನ ನೆತ್ತಿಯ ಮೇಲೆ, ಎಲೆ ಸುತ್ತಿಕೊಂಡಿದೆ ಅಂದರೆ ಅದು ಮರಗಪ್ಪೆಯದೇ.

ನಿಮ್ಮ ಜಾಗಕ್ಕೆ ಹೆಚ್ಚು ಹೊಂದುವುದು ಮಲಬಾರ್ ಜಾರುಗಪ್ಪೆ, ರಾಕೊಫೋರಸ್ ಮಲಬಾರಿಕಸ್. 1870ರಲ್ಲಿ ಜೆರ್ಡನ್ ಎಂಬ ಪ್ರಾಣಿಶಾಸ್ತ್ರಜ್ಞ ಹೆಸರಿಟ್ಟದ್ದು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಹೆಣ್ಣು ದೊಡ್ಡದು, 10 ಸೆಂ.ಮೀ. ಹತ್ತಿರ ಬರುತ್ತದೆ, ಗಂಡು ಅದಕ್ಕಿಂತ ಸಣ್ಣದು. ರಾತ್ರಿ ಗಂಡು ಬೆನ್ನಿಗೆ ಅಂಟಿಕೊಂಡಾಗ ಹೆಣ್ಣು ಒಂದು ಅಂಟು ದ್ರವ ಬಿಟ್ಟು, ಹಿಂಗಾಲಿನಿಂದ ಮಜ್ಜಿಗೆ ಕಡೆದ ಹಾಗೆ ಕಡೆಯುತ್ತದೆ. ಗಾಳಿ ಸೇರಿ ನೊರೆಯಾಗುತ್ತದೆ, ತತ್ತಿ ಅದರೊಳಗೇ ಬೀಳುತ್ತವೆ. ಆಮೇಲೆ ಅಕ್ಕಪಕ್ಕದ ಎಲೆಗಳನ್ನು ಕಾಲಿನಿಂದಲೇ ಎಳೆದು ನೊರೆಗೆ ಅಂಟಿಸುತ್ತದೆ. ಇದೆಲ್ಲ ದೂರದ ಮಾತಲ್ಲ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರದವರೇ ಗಮನಿಸಿ 2000ರಲ್ಲಿ ಬರೆದದ್ದು.

ಹೊರಗಿನ ಪದರ ಒಣಗಿ ಹಪ್ಪಳದಂತಾಗುತ್ತದೆ, ಅದಕ್ಕೇ ಮಳೆಗೆ ಕರಗಿಲ್ಲ. ಒಳಗೆ ಹಸಿಯಾಗಿಯೇ ಇರುತ್ತದೆ. ಸುಮಾರು ಒಂದು ವಾರಕ್ಕೆ ಗೊದಮೊಟ್ಟೆ ಹೊರಬರುವ ಹೊತ್ತಿಗೆ ಗೂಡಿನ ತಳ ನೀರಾಗಿ ಸಡಿಲವಾಗುತ್ತದೆ, ಒಂದೊಂದಾಗಿ ಕೆಳಗಿನ ನೀರಿಗೆ ಬೀಳುತ್ತವೆ. ವಿಷ ಗಿಷ ಏನಿಲ್ಲ.

ಟಿಳಕವಾಡಿ_ಟಾರ್ಚ್
ಮಾಸ್ತರ, ಇಷ್ಟ ಲಗೂನ ಮಲಬಾರ್ ಅಂತ ಠಸ್ಸೆ ಹೊಡೀಬ್ಯಾಡ್ರಿ. ಸಿಮೆಂಟ್ ಟಾಕಿ ಅಂದ ಕೂಡ್ಲೇ ಮೊದಲ ಸಂಶಯ ಕಂದು ಮರಗಪ್ಪಿ ಮ್ಯಾಲ, ಪಾಲಿಪೆಡೇಟಿಸ್ ಮ್ಯಾಕ್ಯುಲೇಟಸ್. ಅದೂ ನೊರಿ ಗೂಡೇ ಮಾಡತೈತಿ. ಬೆಳಗಾವಿ ಪ್ಯಾಟ್ಯಾಗ ಬಚ್ಚಲದಾಗ, ಗ್ಯಾಸ್ ಸಿಲಿಂಡರ್ ಹಿಂದ, ಮೀಟರ್ ಬಾಕ್ಸಿನ್ಯಾಗ ಕುಂದರೂದು ಅದೇ.

ಪ್ರಾಣಿಶಾಸ್ತ್ರ_ಮಾಸ್ತರ
ಒಪ್ಪಿದೆ, "ಹೆಚ್ಚು ಹೊಂದುವುದು" ಅಂತಲೇ ಬರೆದದ್ದು. ಕಂದು ಮರಗಪ್ಪೆ ಸಾಮಾನ್ಯವಾಗಿ ತಗ್ಗಿನಲ್ಲಿ ಕಟ್ಟುತ್ತದೆ: ಟಾಕಿಯ ಒಳಗೋಡೆ, ಅಂಚಿನ ಹುಲ್ಲು, ಬಕೆಟ್ಟಿನ ಕಂಠ. ಆಳೆತ್ತರದ ಟೊಂಗೆ, ಎಲೆ ಸುತ್ತಿದ್ದು ಅಂದಾಗ ತಕ್ಕಡಿ ಮಲಬಾರ್ ಕಡೆ ವಾಲುತ್ತದೆ. ಗೂಡು ನೋಡಿ ತೀರ್ಪು ಕೊಡುವುದಕ್ಕಿಂತ ಕಪ್ಪೆ ನೋಡಿ ಕೊಡುವುದು ಲೇಸು.

ಟಿಳಕವಾಡಿ_ಟಾರ್ಚ್
ಹಂಗಾದ್ರ @ಜಾಂಬೋಟಿ_ತ್ವಾಟ, ಇವತ್ತ ರಾತ್ರಿ 8ರಿಂದ 10ರೊಳಗ ಮಳಿ ಹನಿಯಾಗಿದ್ದಾಗ ಹೋಗ್ರಿ. ಟಾರ್ಚಿಗೆ ಕೆಂಪು ಜಿಲಟಿನ್ ಕಾಗದ ಎರಡು ಪದರ ಸುತ್ತಿ ರಬ್ಬರ್ ಹಾಕ್ರಿ. ಫೋಟೋ ತಗಿಯೂವಾಗಷ್ಟ ಕಾಗದ ತುಸು ಸರಸ್ರಿ, ಕೆಂಪು ಬೆಳಕಿನ್ಯಾಗ ಬಣ್ಣ ತಿಳಿಯೂದಿಲ್ಲ. ಫ್ಲ್ಯಾಶ್ ಬ್ಯಾಡ, ಅದರ ಕಣ್ಣು ಕತ್ತಲಿಗೆ ಮತ್ತ ಹೊಂದಿಕೊಳ್ಳಾಕ ಹೊತ್ತು ಹಿಡೀತೈತಿ. ಮೈ ಫೋಟೋ ಒಂದು ಸಾಲೂದಿಲ್ಲ. ಬೇಕಾಗಿದ್ದು ಮೂರು: ಮುಂಗೈ ಬೆರಳು ಅಗಲಿಸಿದ್ದು, ತೊಡಿ ಒಳಗಿನ ಬಾಜು, ಬಾಜೂಲಿಂದ ಕಣ್ಣು.

ಮುಂಗೈ ಬೆರಳ ನಡುವಿನ ಪರದೆ ಬೆರಳ ತುದಿ ತನಕ ಇದ್ದು ಕಿತ್ತಳೆ-ಕೆಂಪು ಇದ್ರ ಮಲಬಾರ್. ಮುಂಗೈಯಾಗ ಪರದೆ ಇದ್ದೂ ಇಲ್ಲದಂಗ, ಮೈ ಕಂದು, ತೊಡಿ ಹಿಂದ ಹಳದಿ ಚುಕ್ಕಿ ಇದ್ರ ಪಾಲಿಪೆಡೇಟಿಸ್. ಬರೀ ಹಸರ ಬಣ್ಣ ನೋಡಿ ನಂಬಬ್ಯಾಡ್ರಿ, ಹಗಲು ಮಲಗಿದಾಗ ಕೈಕಾಲು ಮಡಚಿ ಎಲಿಗೆ ಅಂಟಿರ್ತಾವ, ಕೆಂಪು ಒಂದಿಷ್ಟೂ ಕಾಣೂದಿಲ್ಲ.

ಬಾಗಲಕೋಟಿ_ಹೊಳಿ
ಇದಕ್ಕ ಹಾರುವ ಕಪ್ಪಿ ಅಂತಾರಲ್ಲ, ಅದೇ ಏನ್ರಿ?

ಖಾನಾಪುರದಾಂವ
ಅದೇ. ಆದ್ರ ಹಾರೂದಿಲ್ಲ, ಜಾರತೈತಿ. ಪರದೆ ಛತ್ರಿ ಹಂಗ ಬಿಚ್ಚಿ ಎತ್ತರದ ಟೊಂಗಿಯಿಂದ ಓರೆಯಾಗಿ ಇಳೀತೈತಿ. 9ರಿಂದ 12 ಮೀಟರ್ ತನಕ ಅಂತ ದಾಖಲೆ ಅದಾವ. ಮ್ಯಾಲ ಹೋಗಬೇಕಂದ್ರ ಮತ್ತ ಕಾಲಲ್ಲೇ ಹತ್ತಬೇಕು.

ಜಾಂಬೋಟಿ_ತ್ವಾಟ
ಬ್ಲೀಚಿಂಗ್ ರದ್ದು ಮಾಡೀನಿ. ಆದ್ರ ಅದು ಸಿಮೆಂಟ್ ಟಾಕಿ, ಕಾಡಿನ ಹೊಂಡ ಅಲ್ಲ. ಅದರಾಗ ಬಿದ್ದ ಮರಿ ಬದುಕ್ತಾವೇನ್ರಿ? ಟೊಂಗಿ ಕಡಿದು ಹತ್ತಿರದ ಹಳ್ಳಕ್ಕ ಕಟ್ಟಿದ್ರ ಚೊಲೋ ಅಲ್ಲ?

ಕಣಕುಂಬಿ_ಕಾಲ್ದಾರಿ
ಹಳ್ಳಕ್ಕ ಬ್ಯಾಡೇ ಬ್ಯಾಡ. ಹರಿಯೋ ನೀರಿನ್ಯಾಗ ಈ ಜಾತಿ ಮರಿ ನಿಲ್ಲೂದಿಲ್ಲ, ಮುಂದಿನ ಮಳಿಗೆ ಕೊಚ್ಚಿ ಹೋಗ್ತಾವ. ಮೀನು ಬ್ಯಾರೆ. ಇವಕ್ಕ ನಿಂತ ನೀರು ಬೇಕು, ಅದಕ್ಕ ಹೆಣ್ಣು ನಿಮ್ಮ ಟಾಕಿ ಆರಿಸಿದ್ದು. ಟಾಕಿನ ಸ್ವಲ್ಪ ಸುಧಾರಿಸಿದ್ರ ಆತು. ಕೇಳ್ರಿ.

ಟಾಕಿ ಹೊಸಾದೋ ಹಳೇದೋ, ಅದು ಮೊದಲ ಪ್ರಶ್ನೆ. ಹೊಸಾ ಸಿಮೆಂಟು ಸುಣ್ಣ ಬಿಡತೈತಿ, ನೀರು ಕ್ಷಾರ ಆಗತೈತಿ, ಮರಿ ಎರಡು ದಿನ ಬಾಳೂದಿಲ್ಲ. ಗೋಡಿ ಮ್ಯಾಲ ಹಸರ ಪಾಚಿ ಹಿಡಿದಿದ್ರ ಚಿಂತಿ ಇಲ್ಲ, ಸುಣ್ಣ ಹೋಗೇತಿ ಅಂತ ಅರ್ಥ. ಆ ಪಾಚಿನ ತಿಕ್ಕಬ್ಯಾಡ್ರಿ, ಮರಿ ಕೆರೆದು ತಿನ್ನೂದು ಅದನ್ನೇ. ತಿಕ್ಕಲೇಬೇಕಂದ್ರ ಒಂದು ಗೋಡಿ ತಿಕ್ಕಿ ಮೂರು ಬಿಡ್ರಿ.

ನೀರು ಎಷ್ಟ ಬೇಕಾದ್ರೂ ಬಳಸ್ರಿ, ಆದ್ರ ತಳದಾಗ ಒಂದು ಫೂಟರೇ ಉಳೀಲಿ. ಅದಕ್ಕಿಂತ ಕಮ್ಮಿ ಆಗಿ ಬಿಸಲು ಬಿದ್ರ ನೀರು ಕಾಯತೈತಿ.

ಮೋಟರ್ ದೊಡ್ಡ ಯಮ. ನೀರು ಎಳಿಯೋ ಪೈಪಿನ ಕೆಳತುದಿಯ ಫುಟ್‌ವಾಲ್ವಿಗೆ ಸೀದಾ ಸೊಳ್ಳಿ ಪರದೆ ಸುತ್ತಿದ್ರ ಸೆಳೆತಕ್ಕ ಮರಿ ಪರದೆಗೇ ಅಂಟಿ ಸಾಯ್ತಾವ. ಅದರ ಬದಲಿ ಹಳೇ ಪ್ಲಾಸ್ಟಿಕ್ ಬುಟ್ಟಿಗೆ ನೈಲಾನ್ ಪರದೆ ಹೊಲದು, ಬುಟ್ಟಿ ನಡುವ ಫುಟ್‌ವಾಲ್ವ್ ಇಡ್ರಿ. ಸೆಳೆತ ಬುಟ್ಟಿ ಮೈಗೆಲ್ಲ ಹಂಚಿಹೋಗತೈತಿ. ವಾರಕ್ಕೊಮ್ಮೆ ಪರದೆ ಮ್ಯಾಲಿನ ಕಸ ತಗೀರಿ, ಇಲ್ಲಂದ್ರ ಮೋಟರ್ ಗಾಳಿ ಎಳೀತೈತಿ. ಮಳಿ ಜೋರಾದಾಗ ನೀರು ಉಕ್ಕಿ ಹೋಗೋ ಪೈಪಿಗೂ ಅದೇ ಪರದೆ ಕಟ್ರಿ.

ಮತ್ತ ಸ್ಪ್ರೇಯರ್ ಡಬ್ಬಿ ಟಾಕಿ ಹತ್ತಿರ ತೊಳೀಬ್ಯಾಡ್ರಿ. ಗಿಡದ ಬೂಷ್ಟಿಗೆ ಹೊಡಿಯೋ ಬೋರ್ಡೋ ದ್ರಾವಣದಾಗಿನ ಮೈಲುತುತ್ತ ಚೂರು ಬಿದ್ರೂ ಮರಿಗೆ ವಿಷ. ಕಳೆನಾಶಕ ಗ್ಲೈಫೊಸೇಟ್ ಅಂತೂ, ಅದರ ಜೋಡಿ ಕೂಡಿಸಿರೋ ಸೋಪಿನಂಥಾ ಅಂಶನೇ ಹೆಚ್ಚು ಕೊಲ್ಲೂದು.

ಗೋಕಾಕ_ಕರದಂಟು
ಕಪ್ಪಿ ಸಲುವಾಗಿ ಇಷ್ಟ ಸರ್ಕಸ್ಸಾ 😄

ಕಣಕುಂಬಿ_ಕಾಲ್ದಾರಿ
ಒಂದು ಬುಟ್ಟಿ, ಎರಡು ಮೀಟರ್ ಪರದೆ. ಕರದಂಟಿಗಿಂತ ಸೋವಿ ಐತಿ.

ಬಾಗಲಕೋಟಿ_ಹೊಳಿ
5 ಫೂಟು ಆಳದ ನೆಟ್ಟಗಿನ ಗೋಡಿ. ಮರಿಗೆ ಕಾಲು ಬಂದಮ್ಯಾಲ ಹೊರಗ ಹೆಂಗ ಬರ್ತಾವ? ಹಲಗಿ ಇಡಬೇಕು, ಇಲ್ಲಂದ್ರ ಎಲ್ಲಾ ಮುಳುಗಿ ಸಾಯ್ತಾವ.

ಟಿಳಕವಾಡಿ_ಟಾರ್ಚ್
ಮರಗಪ್ಪಿಗೆ ಹಲಗಿ ಬೇಕಿಲ್ಲ, ಬೆರಳ ತುದಿಗೆ ಅಂಟು ಗುಂಡಿ ಇರ್ತಾವ. ನೆಟ್ಟಗಿನ ಗಾಜು ಹತ್ತತಾವ, ಸಿಮೆಂಟ್ ಯಾವ ಲೆಕ್ಕ.

ಪ್ರಾಣಿಶಾಸ್ತ್ರ_ಮಾಸ್ತರ
ಇಬ್ಬರೂ ಅರ್ಧ ಸರಿ. ಪೂರ್ತಿ ಬೆಳೆದ ಮರಿಗಪ್ಪೆ ಗೋಡೆ ಹತ್ತುತ್ತದೆ, ನಿಜ. ತೊಂದರೆ ಅದಕ್ಕೂ ಹಿಂದಿನ ಕೆಲವು ದಿನಗಳದು. ನಾಲ್ಕೂ ಕಾಲು ಬಂದು ಬಾಲ ಇನ್ನೂ ಉಳಿದಿರುವಾಗ ಕಿವಿರು ಕೆಲಸ ಬಿಡುತ್ತಿರುತ್ತದೆ, ಉಸಿರು ಶ್ವಾಸಕೋಶಕ್ಕೆ ಬರುತ್ತಿರುತ್ತದೆ. ಬಾಲದ ಭಾರಕ್ಕೆ ಚುರುಕಾಗಿ ಹತ್ತಲಾಗದು, ಈಜಿಯೇ ಇರಲೂ ಆಗದು. ಆಗ ನೀರಿನ ಮಟ್ಟದಲ್ಲೇ ಕೂರಲು ಜಾಗವಿಲ್ಲದಿದ್ದರೆ ಕಪ್ಪೆಮರಿ ನೀರಿನಲ್ಲೇ ಮುಳುಗಿ ಸಾಯುತ್ತದೆ. ನಗುವಂತಿದ್ದರೂ ನಡೆಯುವುದು ಹಾಗೇ.

ಆದ್ದರಿಂದ ಗೋಡೆಗೆ ಒರಗಿಸಿದ ಹಲಗೆಗಿಂತ ತೇಲುವ ವಸ್ತು ಮೇಲು. ನೀರಿನ ಮಟ್ಟ ಏರಲಿ ಇಳಿಯಲಿ, ಅದರ ಜತೆಗೇ ಏರಿಳಿಯುತ್ತದೆ. ಒಣ ಬಿದಿರಿನ ಎರಡು ಗಳ ಜೋಡಿಸಿ, ಮೇಲೆ ತಟ್ಟು ಸುತ್ತಿ, ಒಂದು ತುದಿ ಗೋಡೆಗೆ ತಾಗುವಂತೆ ಬಿಡಿ. ಗೋಡೆಗೆ ಒಂದು ದಪ್ಪ ಕಾತಿ ಹಗ್ಗ ಇಳಿಬಿಡಿ. ಹಗ್ಗದ ಉಪಯೋಗ ಮರಗಪ್ಪೆಗಿಂತ ನೆಲಗಪ್ಪೆಗೆ, ಓತಿಗೆ. ಅವಕ್ಕೆ ಅಂಟುಬೆರಳಿಲ್ಲ, ಬಿದ್ದರೆ ಗತಿಯಿಲ್ಲ.

ನೊರೆಯಿಂದ ಬಿದ್ದ ದಿನದಿಂದ ಕಪ್ಪೆಯಾಗಲು ಎರಡು ತಿಂಗಳ ಆಸುಪಾಸು ಹಿಡಿಯುತ್ತದೆ. ನೀರಿನ ಬಿಸಿ, ಮೇವು, ಇಕ್ಕಟ್ಟು ನೋಡಿ ಹಿಂದೆ ಮುಂದೆ ಆಗಬಹುದು. ಅಂದರೆ ಬಿದಿರು ಈಗಲೇ ಬೇಕಿಲ್ಲ, ಶ್ರಾವಣ ಕಳೆಯುವುದರೊಳಗೆ ಇಟ್ಟರಾಯಿತು.

ಟಿಳಕವಾಡಿ_ಟಾರ್ಚ್
ಬಾಲದ ವಿಚಾರ ಮರತಿದ್ದೆ. ಮಾಸ್ತರ ಖರೇ.

ಚನ್ನಮ್ಮ_ಸರ್ಕಲ್
ಕಪ್ಪಿ ಬದುಕ್ಲಿ, ಮಂದಿ ಡೆಂಗಿಯಿಂದ ಸಾಯ್ಲಿ ಅಂತೀರೇನು? ತೆರೆದ ಟಾಕಿ ಅಂದ್ರ ಸೊಳ್ಳಿ ಕಾರಖಾನಿ. ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಟ್ರ ಮುಗೀತು.

ಕಣಕುಂಬಿ_ಕಾಲ್ದಾರಿ
ಮೀನು ಬಿಟ್ರ ಕಪ್ಪಿನೂ ಮುಗೀತು. ಗ್ಯಾಂಬೂಸಿಯಾ ಸೊಳ್ಳಿ ಮರಿ ಜೋಡಿ ಮೆತ್ತಗಿನ ಗೊದಮೊಟ್ಟಿನ ಬಾಲನೂ ಕಡೀತೈತಿ.

ಸೊಳ್ಳಿಗೆ ಬಿಟಿಐ ಹಾಕ್ರಿ. ಅದು ಬ್ಯಾಕ್ಟೀರಿಯಾದ ಔಷಧ, ಸೊಳ್ಳಿ ಮರಿ ತಿಂದ್ರ ಅದರ ಹೊಟ್ಟಿ ಒಡೀತೈತಿ. ಪೊಟ್ಟಣದ ಮ್ಯಾಲ ಬರದ ಪ್ರಮಾಣ ಮೀರಬ್ಯಾಡ್ರಿ. ಸೊಳ್ಳಿ ತತ್ತಿಯಿಂದ ರೆಕ್ಕಿ ಬರಾಕ ಎಂಟ್ಹತ್ತು ದಿನ ಸಾಕು, ಅದಕ್ಕ ವಾರಕ್ಕೊಮ್ಮೆ ಟಾಕಿ ನೋಡಬೇಕು. ಸುಟ್ಟ ಎಂಜಿನ್ ಎಣ್ಣಿ, ಚಿಮಣಿ ಎಣ್ಣಿ ಸುರಿಯೋ ಚಟ ಇದ್ರ ಬಿಡ್ರಿ, ಆ ಪದರಿನ ಕೆಳಗ ಗಾಳಿಗೆ ಬಂದ ಮರಿಗಪ್ಪಿನೂ ಸಾಯ್ತಾವ. ಕುಡಿಯೋ ನೀರಿನ ಟಾಕಿ ಆದ್ರ ಮುಚ್ಚಳ ಹಾಕ್ರಿ, ಅಲ್ಲಿ ಕಪ್ಪಿ ವಿಚಾರನೇ ಬ್ಯಾಡ.

ಚನ್ನಮ್ಮ_ಸರ್ಕಲ್
ಕಪ್ಪಿ ಮರಿ ಸೊಳ್ಳಿ ತಿಂತಾವಲ್ಲ, ಬಿಟಿಐ ಯಾಕ ಮತ್ತ?

ಪ್ರಾಣಿಶಾಸ್ತ್ರ_ಮಾಸ್ತರ
ಅದನ್ನು ನಂಬಿ ಕೂರಬೇಡಿ. ಇವುಗಳ ಮುಖ್ಯ ಮೇವು ಪಾಚಿ, ಕೊಳೆತ ಎಲೆ. ಸೊಳ್ಳೆ ಮರಿ ಬೇಟೆಗೆ ಡ್ರ್ಯಾಗನ್‌ಫ್ಲೈ ಮರಿಹುಳ ಒಳ್ಳೆಯದು, ಆದರೆ ಅದು ಗೊದಮೊಟ್ಟೆಯನ್ನೂ ಬಿಡುವುದಿಲ್ಲ.

ವಿಜಯಪುರ_ಜ್ವಾಳ
ನಿಮ್ಮದೆಲ್ಲಾ ಘಟ್ಟದ ಕಪ್ಪಿ ಶ್ರೀಮಂತಿಕಿ. ನಮ್ಮ ಕಡೆ 600 ಮಿ.ಮೀ. ಮಳಿ ಕಂಡ್ರ ಹಬ್ಬ. ಇಲ್ಲಿ ಮಿರಗದ (ಮೃಗಶಿರಾ) ಮಳಿ ಹೊಡದ ರಾತ್ರಿ ಹೊಲದ ಗುಂಡ್ಯಾಗ ಹಳದಿ ಕಪ್ಪಿ ಒದರ್ತಾವ ನೋಡ್ರಿ, ಅದು ಯಾವ ಜಾತಿ? ಅಂಗಡಿ ಪ್ಲಾಸ್ಟಿಕ್ ಗೊಂಬಿ ಹಂಗ ನಿಂಬಿಹಣ್ಣಿನ ಬಣ್ಣ.

ಟಿಳಕವಾಡಿ_ಟಾರ್ಚ್
ಗೂಳಿಗಪ್ಪಿ, ಹಾಪ್ಲೊಬ್ಯಾಟ್ರಾಕಸ್ ಟೈಗರಿನಸ್. ಗಂಡು ಮಾತ್ರ ಹಳದಿ ಆಗತೈತಿ, ಗಂಟಲ ಬಾಜು ಎರಡು ನೀಲಿ ಚೀಲ ಉಬ್ಬತಾವ. ಬೆದಿ ಮುಗಿದ ಮ್ಯಾಲ ಮತ್ತ ಹಸರ-ಕಂದು. ಬ್ಯಾಸಿಗ್ಯಾಗ ನೆಲದಾಗ ಹೂತು ಕುಂದರೂವು ನಿಮ್ಮ ಕಡೆ ಇನ್ನೊಂದು ಅದಾವ, ಸ್ಫೇರೊಥೀಕಾ, ಗುಂಡಗ ಆಲೂಗಡ್ಡಿ ಹಂಗ. ಹಿಮ್ಮಡಿ ಹತ್ತಿರ ಸಲಿಕಿ ಹಂಗ ಗಟ್ಟಿ ಗಂಟು ಇರತೈತಿ, ಅದರಿಂದ ಹಿಂದ ಹಿಂದಕ್ಕ ತೋಡಿ ಮಣ್ಣಾಗ ಇಳೀತೈತಿ. ಹೊಲ ರಂಟಿ ಹೊಡಿಯುವಾಗ ಮ್ಯಾಲ ಬರೂದು ಅದೇ.

ಖಾನಾಪುರದಾಂವ
ಗೂಳಿಗಪ್ಪಿ ಹೆಸರು ತಗೀಬ್ಯಾಡ್ರಿ, ಚೋರ್ಲಾ ಘಾಟಿನ ಆ ಕಡೆ ಮಂದಿ ಹೊಟ್ಟಿ ಗುಡುಗುಡು ಅಂತೈತಿ. ಗೋವಾದಾಗ "ಜಂಪಿಂಗ್ ಚಿಕನ್" ಅಂತ ಮೊದಲ ಮಳಿಗೇ ಹಿಡೀತಾರ. ಕಾನೂನು ಪ್ರಕಾರ ಅಪರಾಧ.

ಪ್ರಾಣಿಶಾಸ್ತ್ರ_ಮಾಸ್ತರ
ಕಪ್ಪೆಕಾಲಿನ ರಫ್ತನ್ನೇ ಭಾರತ 1987ರಲ್ಲಿ ನಿಲ್ಲಿಸಿತು. ಮೊದಲ ಮಳೆಗೆ ಒದರುವುದು ಸಂತಾನಕ್ಕೆ ಬಂದ ಗಂಡು, ಅದನ್ನೇ ಚೀಲ ತುಂಬಿದರೆ ಆ ವರ್ಷದ ಮರಿಯೇ ಇಲ್ಲ.

ಬಾಗಲಕೋಟಿ_ಹೊಳಿ
ಎಲ್ಲಾ ಕಪ್ಪಿಗೂ ನೀರು ಬೇಕಂದ್ರ, ಗುಡ್ಡದ ನೆತ್ತಿ ಮ್ಯಾಲ ಹೊಂಡ ಇಲ್ಲದ ಕಡೆ ಇರೂವು ಹೆಂಗ?

ಕಣಕುಂಬಿ_ಕಾಲ್ದಾರಿ
ಎಲ್ಲಾವಕ್ಕೂ ಬೇಕಿಲ್ಲರಿ. ಪೊದೆಗಪ್ಪಿ ಅಂತ ಅದಾವ, ಹೆಬ್ಬೆರಳಿನ ಉಗುರಿನಷ್ಟಿದ್ದು ಮೈತುಂಬ ದನಿ. ಅವು ತತ್ತಿ ಎಲಿ ಮ್ಯಾಲೋ ಕಸದ ಸಂದಿಗೋ ಇಡ್ತಾವ. ಗೊದಮೊಟ್ಟಿ ಹಂತ ತತ್ತಿ ಒಳಗೇ ಮುಗಿದು, ಒಡದಾಗ ಸೀದಾ ಕಪ್ಪಿ ಮರಿನೇ ಹೊರಗ. ಬಾಂಬೆ ಪೊದೆಗಪ್ಪಿ ಕೇಳಿರಬೇಕು, ಹೆಸರು ಬಾಂಬೆ, ಆದ್ರ ಆನಂಡೇಲ್ 1919ರಾಗ ಅದನ್ನ ವರ್ಣಿಸಿದ್ದು ನಮ್ಮ ಬಾಜೂಕಿನ ಕ್ಯಾಸಲ್‌ರಾಕಿನ ಮಾದರಿ ನೋಡಿ. ಆಗ ಅದು ಮುಂಬೈ ಪ್ರಾಂತದಾಗ ಇತ್ತು, ಅದಕ್ಕ ಆ ಹೆಸರು. ಅಂಬೋಲಿ ಪೊದೆಗಪ್ಪಿನೂ ಹಂಗೇ ತತ್ತಿಯಿಂದ ಸೀದಾ ಕಪ್ಪಿ ಆಗೂದು, 2009ರಾಗ ಬಿಜು ಮತ್ತ ಬಾಸುಯ್ಟ್ ಹೆಸರಿಟ್ಟಿದ್ದು.

ಇವಕ್ಕ ಹೊಂಡ ಬ್ಯಾಡ ಖರೆ, ಆದ್ರ ಗಾಳ್ಯಾಗ ಒದ್ದಿ ಬೇಕೇ ಬೇಕು. ತ್ವಾಟದ ಕೆಳಗಿನ ತರಗು ಗುಡಿಸಿ ಸುಟ್ರ ಮೊದಲು ಹೋಗೂದು ಇವೇ.

ಪ್ರಾಣಿಶಾಸ್ತ್ರ_ಮಾಸ್ತರ
ಇನ್ನೊಂದು ಸೇರಿಸುತ್ತೇನೆ, ವಿಷಯಾಂತರ ಅನ್ನಬೇಡಿ. ಕುಂಬಾರ ಕಪ್ಪೆ, ನಿಕ್ಟಿಬ್ಯಾಟ್ರಾಕಸ್ ಕುಂಬಾರ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಗುರುರಾಜ ಮತ್ತು ಸಂಗಡಿಗರು ಗುರುತಿಸಿ 2014ರಲ್ಲಿ ಪ್ರಕಟಿಸಿದ್ದು. ಹಳ್ಳದ ಮೇಲೆ ಬಾಗಿದ ಕಡ್ಡಿಗೆ ಹೆಣ್ಣು ತತ್ತಿ ಅಂಟಿಸಿ ಹೋಗುತ್ತದೆ. ಆಮೇಲೆ ಗಂಡು ಹಿಂಗಾಲ ಮೇಲೆ ನಿಂತು, ಹಳ್ಳದ ಕೆಸರನ್ನು ಮುಂಗೈಯಲ್ಲಿ ಎತ್ತಿ ತತ್ತಿಗೆ ಮೆತ್ತುತ್ತದೆ. ಗಡಿಗೆಗೆ ಮಣ್ಣು ಸವರಿದಂತೆಯೇ, ಹೆಸರೂ ಅದಕ್ಕೇ. ಒಂದು ಕಪ್ಪೆ ನೊರೆ ಕಡೆಯುತ್ತದೆ, ಇನ್ನೊಂದು ಮಣ್ಣು ಮೆತ್ತುತ್ತದೆ, ಎರಡೂ ಒಂದೇ ಕೆಲಸಕ್ಕೆ: ತತ್ತಿ ಒಣಗಬಾರದು, ತಿನ್ನುವವರಿಗೆ ಸಿಗಬಾರದು.

ಗೋಕಾಕ_ಕರದಂಟು
ಈಗ ಇದು ಕರದಂಟಿಗಿಂತ ರುಚಿ ಆತು. ಮುಂದ ಹೇಳ್ರಿ.

ಜಾಂಬೋಟಿ_ತ್ವಾಟ
ರಾತ್ರಿ ಫೋಟೋ ಹಾಕೀನಿ ನೋಡ್ರಿ. ಮುಂಗೈ ಪರದೆ ಕೆಂಪು, ಬೆನ್ನು ಹಸರ. ಮತ್ತೊಂದು ಪೇಚಾಟ: ಗಾಳಿಗೆ ಆ ಟೊಂಗಿ ಸೀಳೇತಿ, ಯಾವಾಗ ಮುರದು ನೀರಿಗೆ ಬೀಳತೈತೋ ಗೊತ್ತಿಲ್ಲ.

ಟಿಳಕವಾಡಿ_ಟಾರ್ಚ್
ಸಂಶಯ ಮುಗೀತು, ಮಲಬಾರ್. ಮಾಸ್ತರಿಗೆ ಒಂದು ಚಹಾ ಬಾಕಿ.

ಕಣಕುಂಬಿ_ಕಾಲ್ದಾರಿ
ಟೊಂಗಿ ಬೀಳೂ ತನಕ ಕಾಯಬ್ಯಾಡ್ರಿ. ನೊರಿ ನೀರಾಗ ಮುಳುಗಿದ್ರ ಕರಗಿ, ಇನ್ನೂ ಬೆಳೀದ ತತ್ತಿ ತಳಕ್ಕ ಹೋಗಿ ಕೊಳೀತಾವ. ಟಾಕಿಗೆ ಅಡ್ಡ ಒಂದು ಬಿದಿರು ಹಾಕ್ರಿ. ಗೂಡಿನಿಂದ ಒಂದು ಮೊಳ ಹಿಂದ ಟೊಂಗಿನ ಕೈಯಾಗ ಹಿಡಕೊಂಡು ಕತ್ತರಸ್ರಿ, ಅಲ್ಲಾಡಿಸದ ತಂದು ಸುತಳಿಯಿಂದ ಬಿದಿರಿಗೆ ಕಟ್ರಿ. ಮೊದಲು ಯಾವ ಬಾಜು ಕೆಳಗಿತ್ತೋ ಅದೇ ಕೆಳಗ ಇರಬೇಕು, ಮರಿ ಇಳಿಯೂದು ಆ ಕಡೆಯಿಂದ. ನೀರಿಂದ ಒಂದು ಮೀಟರ್ ಎತ್ತರ ಸಾಕು. ನೆರಳಿನ ಬಾಜು ನೋಡ್ರಿ. ನೊರಿಗೆ ಕೈ ಹಚ್ಚಬ್ಯಾಡ್ರಿ, ಅದರಾಗೂ ಕೈಗೆ ಸೊಳ್ಳಿ ಮುಲಾಮು ಹಚ್ಚಿಕೊಂಡಿದ್ರ ಹತ್ತಿರನೂ ಹೋಗಬ್ಯಾಡ್ರಿ. ಎಲಿ ಬಾಡ್ತಾವ, ಬಾಡ್ಲಿ. ಮ್ಯಾಲ ನೀರು ಸುರೀಬ್ಯಾಡ್ರಿ. ಮೂರ್ನಾಲ್ಕು ದಿನ ಮಳಿ ಪೂರ್ತಿ ಕೈಕೊಟ್ರ ಮಾತ್ರ ಮಳಿನೀರು ತುಸು ಚಿಮುಕಿಸ್ರಿ. ನಳದ ನೀರಾಗ ಕ್ಲೋರಿನ್ ಇರತೈತಿ.

ಚನ್ನಮ್ಮ_ಸರ್ಕಲ್
ಆ ಫೋಟೋ ನೋಡಿ ಶನಿವಾರ ನಾಲ್ಕು ಗಾಡಿ ಮಂದಿ ಬರ್ತಾರ ನೋಡ್ರಿ ನಿಮ್ಮ ತ್ವಾಟಕ್ಕ.

ಪ್ರಾಣಿಶಾಸ್ತ್ರ_ಮಾಸ್ತರ
ಈ ಮಾತು ಗಂಭೀರವಾಗಿ ತೆಗೆದುಕೊಳ್ಳಿ. ಜೀವಿಗಳ ಫೋಟೋ, ಜಾಗ ದಾಖಲಿಸುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ದಾಖಲೆ ಹಾಕುವಾಗ ಜಾಗ ಮಸುಕು ಮಾಡುವ ಆಯ್ಕೆ ಒತ್ತಿ. ಈ ಜಾತಿ ಸದ್ಯ ಅಳಿವಿನಂಚಿನದಲ್ಲ, ಆದರೂ ಗೂಡಿನ ಸುತ್ತ ಹತ್ತು ಟಾರ್ಚು ಬೇಡ.

ಬಂದವರ ಬೂಟು ನೋಡಿ. ಒಂದು ಕಡೆಯ ಕೆಸರು ಇನ್ನೊಂದು ಕಡೆಗೆ ಹೋದರೆ ಕೈಟ್ರಿಡ್ ಎಂಬ ಶಿಲೀಂಧ್ರ ಜತೆಗೇ ಹೋಗಬಹುದು, ಅದು ಕಪ್ಪೆಯ ಚರ್ಮಕ್ಕೆ ಹತ್ತುವ ರೋಗ. ಬರೀ ಔಷಧ ಚಿಮುಕಿಸಿದರೆ ಆಗದು; ಮೊದಲು ಬ್ರಶ್ಶಿನಿಂದ ಮಣ್ಣು ಪೂರ್ತಿ ತೆಗೆಯಬೇಕು, ಮಣ್ಣಿನ ಒಳಗೆ ಔಷಧ ಇಳಿಯುವುದಿಲ್ಲ. ಆಮೇಲೆ 70 ಪ್ರತಿಶತದ ಸ್ಪಿರಿಟ್ ಚಿಮುಕಿಸಿ ಒಂದು ನಿಮಿಷ ಬಿಟ್ಟು, ಪೂರಾ ಒಣಗಿಸಬೇಕು. ಇದನ್ನು ಟಾಕಿ, ಹಳ್ಳದಿಂದ ದೂರ ಮಾಡಿ.

ಜಾಂಬೋಟಿ_ತ್ವಾಟ
ಟೊಂಗಿ ಬಿದಿರಿಗೆ ಕಟ್ಟಿ ಆತು. ಇವತ್ತ ಮುಂಜಾನೆ ನೋಡಿದ್ರ ಗೂಡಿನ ತಳ ಹಳದಿ ಆಗಿ ಜೋತು ಬಿದ್ದೈತಿ, ಹನಿ ಹನಿ ಸೋರಾಕತ್ತೈತಿ. ಕೆಟ್ಟಿತೇನ್ರಿ?

ಕಣಕುಂಬಿ_ಕಾಲ್ದಾರಿ
ಕೆಟ್ಟಿಲ್ಲ. ಇಳಿಯಾಕ ತಯಾರಾಗ್ಯಾವ. ಬುಟ್ಟಿ ಕೂಡ್ರಿಸೂ ತನಕ ಮೋಟರ್ ಚಾಲೂ ಮಾಡಬ್ಯಾಡ್ರಿ.

ಜಾಂಬೋಟಿ_ತ್ವಾಟ
ಫ್ಯೂಜ್ ತಗದು ಕಿಸೆದಾಗ ಇಟ್ಕೊಂಡೀನಿ.